ಕಲಿಯುವ ಕೈಯಲ್ಲಿ ಸೂಜಿ: ಹೆದರಬೇಕೆ?

ಚನ್ನಪಟ್ಟಣದ ಬಳಿಯ ಒಂದು ಹಳ್ಳಿಯಲ್ಲಿ ನಿಮ್ಮ ಅಜ್ಜಿಗೆ ಮೂರು ದಿನದಿಂದ ಜ್ವರ ಬಿಟ್ಟಿಲ್ಲ ಎಂದುಕೊಳ್ಳಿ. ತಾಲ್ಲೂಕು ಆಸ್ಪತ್ರೆಗೆ ಕರೆತರುತ್ತೀರಿ. ಅಲ್ಲಿಯ ವೈದ್ಯರು ಎದೆ ಪರೀಕ್ಷಿಸಿ, ಉಸಿರಾಟ ಸರಿಯಿಲ್ಲವೆಂದು ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಸುಮಾರು 60 ಕಿಲೋಮೀಟರು ದಾಟಿ ಬೆಂಗಳೂರಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸೇರುತ್ತೀರಿ. ಮಂಚ ಸಿಗುತ್ತದೆ. ಮಂಚದ ಬಳಿಗೆ ಬಂದವರು ಮಾತ್ರ ನೀವು ನಿರೀಕ್ಷಿಸಿದ ನರೆಗೂದಲಿನ ಪ್ರೊಫೆಸರ್ ಅಲ್ಲ. ಮೀಸೆ ಈಗಷ್ಟೇ ಬಲಿಯುತ್ತಿರುವ ಹುಡುಗ, ಇಲ್ಲವೇ ನಿಮ್ಮ ಮಗಳ ವಯಸ್ಸಿನ ಹುಡುಗಿ. ಕೈಯಲ್ಲಿ ಸೂಜಿ. "ಅಜ್ಜಿ, ಸ್ವಲ್ಪ ಕೈ ಚಾಚಿ, ರಕ್ತ ತೆಗೀಬೇಕು."

ಜೊತೆಗೆ ಬಂದ ನಿಮ್ಮ ಮಾವನವರು ಕಿವಿಯ ಹತ್ತಿರ ಬಂದು, "ಕಲಿಯೋ ಹುಡುಗ್ರು ಕಣಯ್ಯ, ನಮ್ಮ ಮೇಲೆ ಪ್ರಯೋಗ ಮಾಡ್ತಾರೆ. ದೊಡ್ಡ ಡಾಕ್ಟ್ರನ್ನೇ ಕರೆಸು" ಎನ್ನುತ್ತಾರೆ.

ನೀವು ಏನು ಮಾಡಬೇಕು? ಕೈ ಚಾಚಬೇಕೆ, ಹಿಂದಕ್ಕೆ ಎಳೆದುಕೊಳ್ಳಬೇಕೆ? ಆಸ್ಪತ್ರೆಯ ಮೆಟ್ಟಿಲು ಹತ್ತಿದ ಬಹುಪಾಲು ಕುಟುಂಬಗಳಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು. ಈ ವಾರ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಆಲೆ ಮರವೂ ಅಲ್ಲ, ಬೊಂಬೆಯೂ ಅಲ್ಲ

ಚನ್ನಪಟ್ಟಣದವರಿಗೆ ಕೈಕಸುಬು ಹೇಗೆ ಬರುತ್ತದೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕಲಾನಗರದ ಯಾವುದೇ ಬೊಂಬೆ ಕಾರ್ಖಾನೆಗೆ ಹೋಗಿ ನೋಡಿ. ಒಣಗಿಸಿದ ಆಲೆ ಮರದ ತುಂಡು ಲೇತಿನ ಮೇಲೆ ತಿರುಗುತ್ತಿರುತ್ತದೆ. ಉಳಿ ಹಿಡಿದ ಕೈ ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಯಾವ ಪುಸ್ತಕವೂ ಕಲಿಸಲಾರದು. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ; ಹೆಚ್ಚು ಒತ್ತಿದರೆ ಗಂಟಾಗುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ಹೊಸಬ ಮೊದಲ ದಿನ ಕಡೆದ ಬುಗುರಿ ಓಲಾಡುತ್ತದೆ. ಅದನ್ನು ಮೂಲೆಗೆ ಎಸೆದು ಇನ್ನೊಂದು ತುಂಡು ಕೈಗೆ ತೆಗೆದುಕೊಳ್ಳುತ್ತಾನೆ.

ವೈದ್ಯವೃತ್ತಿಯೂ ಅರ್ಧ ಕೈಕಸುಬೇ. ನಾಡಿ ಹಿಡಿಯುವುದು, ಹೊಟ್ಟೆ ಮುಟ್ಟಿ ಯಕೃತ್ತು ದಪ್ಪವಾಗಿದೆಯೇ ಎಂದು ತಿಳಿಯುವುದು, ರಕ್ತನಾಳಕ್ಕೆ ಸೂಜಿ ಹಾಕುವುದು, ಗಾಯಕ್ಕೆ ಹೊಲಿಗೆ ಹಾಕುವುದು, ಹೆರಿಗೆಯಲ್ಲಿ ಮಗುವಿನ ತಲೆಯನ್ನು ಆತುಕೊಳ್ಳುವುದು - ಇವೆಲ್ಲ ಕಣ್ಣಿನಿಂದ ಓದಿ ಬರುವ ವಿದ್ಯೆಗಳಲ್ಲ, ಬೆರಳಿನಿಂದ ಬರುವ ವಿದ್ಯೆಗಳು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಕೆಟ್ಟ ತುಂಡನ್ನು ಮೂಲೆಗೆ ಎಸೆಯುವಂತಿಲ್ಲ. ಮಂಚದ ಮೇಲೆ ಮಲಗಿರುವುದು ಯಾರದೋ ಅಜ್ಜಿ, ಯಾರದೋ ಮಗು.

ಹಾಗೆಂದು ಕಲಿಯುವವರ ಕೈಗೆ ರೋಗಿಯನ್ನು ಕೊಡುವುದೇ ಬೇಡವೆಂದರೆ, ಇನ್ನು ಹತ್ತು ವರ್ಷದ ಮೇಲೆ ನಿಮ್ಮ ಮೊಮ್ಮಕ್ಕಳಿಗೆ ಸೂಜಿ ಹಾಕಲು ನುರಿತ ಕೈ ಎಲ್ಲಿಂದ ಬರಬೇಕು? ಈಗ ನುರಿತವರೆನಿಸಿಕೊಂಡ ಎಲ್ಲ ವೈದ್ಯರೂ ಒಂದು ದಿನ ಮೊದಲ ಸೂಜಿಯನ್ನು ಯಾರದೋ ತೋಳಿಗೆ ಹಾಕಿದವರೇ. ಆದ್ದರಿಂದ ಕಲಿಯುವ ಕೈ ನಮ್ಮನ್ನು ಮುಟ್ಟಬಹುದೇ ಎಂದು ಕೇಳುವುದಕ್ಕಿಂತ, ಆ ಕೈಯ ಹಿಂದೆ ಯಾರಿದ್ದಾರೆ, ತಿಳಿಯದಿದ್ದಾಗ ಅದು ಯಾರನ್ನು ಕೇಳುತ್ತದೆ ಎಂದು ಕೇಳುವುದು ಸರಿ.

ಮಂಚದ ಪಕ್ಕ ನಿಂತವರು ಯಾರು?

ಬಿಳಿ ಕೋಟು ಹಾಕಿದವರೆಲ್ಲ ಒಂದೇ ಅಲ್ಲ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನಿಮ್ಮ ಬಳಿಗೆ ಬರುವವರನ್ನು ಸ್ಥೂಲವಾಗಿ ಹೀಗೆ ಗುರುತಿಸಬಹುದು.

ಗುಂಪಾಗಿ ಬಂದು, ಪುಸ್ತಕ ಹಿಡಿದು, "ಯಾವಾಗಿನಿಂದ ಕೆಮ್ಮು? ಕಫ ಬರುತ್ತದೆಯೇ?" ಎಂದು ಉದ್ದಕ್ಕೆ ಪ್ರಶ್ನೆ ಕೇಳುವವರು ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು. ಅವರು ನಿಮ್ಮ ಕಾಯಿಲೆಯ ವಿವರ ಕೇಳಬಹುದು, ಅಧ್ಯಾಪಕರ ಕಣ್ಣೆದುರು ನಿಮ್ಮನ್ನು ಪರೀಕ್ಷಿಸಬಹುದು. ಔಷಧ ಬರೆದುಕೊಡುವ ಅಧಿಕಾರ ಅವರಿಗಿಲ್ಲ.

ಎಂ.ಬಿ.ಬಿ.ಎಸ್. ಓದು ನಾಲ್ಕೂವರೆ ವರ್ಷ. ಅದರ ಕೊನೆಯ ಪರೀಕ್ಷೆ ಮುಗಿಸಿ ಒಂದು ವರ್ಷ ಕಡ್ಡಾಯವಾಗಿ ಎಲ್ಲ ವಿಭಾಗಗಳಲ್ಲಿ ಸುತ್ತುವವರು ಹೌಸ್ ಸರ್ಜನ್‌ಗಳು. ಇಂಟರ್ನಿ ಎಂದೂ ಕರೆಯುತ್ತಾರೆ. ರಕ್ತ ತೆಗೆಯುವುದು, ಗ್ಲೂಕೋಸ್ ಏರಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಚೀಟಿ ಹಿಡಿದು ಪ್ರಯೋಗಾಲಯಕ್ಕೆ ಓಡುವುದು, ಹೀಗೆ ವಾರ್ಡಿನ ಅರ್ಧ ಕೆಲಸ ನಡೆಯುವುದು ಇವರಿಂದಲೇ. ಇವರಿಗೆ ಇರುವುದು ತಾತ್ಕಾಲಿಕ ನೋಂದಣಿ. ಹಿರಿಯರ ಮೇಲ್ವಿಚಾರಣೆಯಲ್ಲಿ ಮಾತ್ರ ಕೆಲಸ ಮಾಡಬೇಕು. ವೈದ್ಯಕೀಯ ಸರ್ಟಿಫಿಕೇಟು, ಮರಣ ಪ್ರಮಾಣಪತ್ರ, ಪೊಲೀಸ್ ಕೇಸಿನ ದಾಖಲೆ ಮುಂತಾದವಕ್ಕೆ ತಮ್ಮ ಸಹಿಯನ್ನೇ ಹಾಕಿ ಕೊಡುವಂತಿಲ್ಲ.

ಅವರ ಮೇಲೆ ಎಂ.ಡಿ. ಅಥವಾ ಎಂ.ಎಸ್. ಓದುತ್ತಿರುವ ಸ್ನಾತಕೋತ್ತರ ವೈದ್ಯರು. ಇವರು ಪೂರ್ಣ ನೋಂದಣಿ ಪಡೆದ ವೈದ್ಯರೇ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ನಿಮಗೆ ಸಿಗುವ ಹಿರಿಯರು ಸಾಮಾನ್ಯವಾಗಿ ಇವರೇ. ಅವರ ಮೇಲೆ ಸೀನಿಯರ್ ರೆಸಿಡೆಂಟ್, ಸಹಾಯಕ ಪ್ರಾಧ್ಯಾಪಕರು, ಕೊನೆಗೆ ವಿಭಾಗದ ಘಟಕದ ಮುಖ್ಯಸ್ಥರು. ಇವರಲ್ಲದೆ ಮೂರು ವರ್ಷದ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದುತ್ತಿರುವ ಹುಡುಗಿಯರು, ಹುಡುಗರು, ಪ್ರಯೋಗಾಲಯದ ತಂತ್ರಜ್ಞರ ಕೋರ್ಸಿನವರೂ ಅಲ್ಲೇ ಕಲಿಯುತ್ತಿರುತ್ತಾರೆ.

ದೊಡ್ಡಾಸ್ಪತ್ರೆಗಳಲ್ಲಿ ಮಾತ್ರ ಇವರು ಕಾಣುತ್ತಾರೆ ಎಂದೂ ತಿಳಿಯಬೇಡಿ. ಹೌಸ್ ಸರ್ಜನ್‌ಗಳ ತರಬೇತಿಯಲ್ಲಿ ಸಮುದಾಯ ವೈದ್ಯಶಾಸ್ತ್ರದ ಭಾಗವೂ ಇರುವುದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಅವರು ಬರುತ್ತಾರೆ. "ನೀವು ಯಾರು? ನಿಮ್ಮ ಮೇಲಿನ ಡಾಕ್ಟರ್ ಯಾರು?" ಎಂದು ಸೌಜನ್ಯದಿಂದ ಕೇಳುವುದು ಅವಮಾನವಲ್ಲ. ಅದಕ್ಕೆ ಉತ್ತರ ಕೊಡುವುದು ಅವರ ಕರ್ತವ್ಯ.

ಮೊದಲು ಬೊಂಬೆ, ಆಮೇಲೆ ಗೆಳೆಯ, ಆಮೇಲೆ ರೋಗಿ

ಕರ್ನಾಟಕದಲ್ಲಿ ಹಾಸಿಗೆಯ ಪಕ್ಕದ ಈ ಕಲಿಕೆಗೆ ನೂರು ವರ್ಷದ ಚರಿತ್ರೆಯಿದೆ. ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋಯಿತು, ಕೆ.ಆರ್. ಆಸ್ಪತ್ರೆಯ ವಾರ್ಡುಗಳೇ ಅದರ ಪಾಠಶಾಲೆ. 1900ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯೂ ಅದರ ನೆರೆಯ ವಾಣಿವಿಲಾಸ ಆಸ್ಪತ್ರೆಯೂ 1955ರಲ್ಲಿ ಆರಂಭವಾದ ಬೆಂಗಳೂರು ವೈದ್ಯಕೀಯ ಕಾಲೇಜಿನ ಕಲಿಕೆಯ ಮನೆಗಳಾದವು. ಚನ್ನಪಟ್ಟಣ, ಮಾಗಡಿ, ಕನಕಪುರ ಕಡೆಯ ಎಷ್ಟೋ ಕುಟುಂಬಗಳು ಕಷ್ಟಕಾಲದಲ್ಲಿ ಆ ವಾರ್ಡುಗಳನ್ನು ಕಂಡಿವೆ. ಈಗ ಪಕ್ಕದ ಮಂಡ್ಯದಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ.

ಹಳೆಯ ಕಾಲದಲ್ಲಿ ಕಲಿಕೆಯ ಸೂತ್ರ ಒಂದೇ: ಒಮ್ಮೆ ನೋಡು, ಒಮ್ಮೆ ಮಾಡು, ಇನ್ನೊಬ್ಬರಿಗೆ ಕಲಿಸು. ಕೇಳಲು ಚೆನ್ನಾಗಿದೆ, ಆದರೆ ಒಮ್ಮೆ ನೋಡಿದ ಮಾತ್ರಕ್ಕೆ ಕೈ ಕಲಿಯುವುದಿಲ್ಲ. ಅದರ ಬೆಲೆಯನ್ನು ಕೊಟ್ಟವರು ರೋಗಿಗಳು. ಈಗ ಕ್ರಮ ಬದಲಾಗಿದೆ. 2019ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ಎರಡು ಮುಖ್ಯ ಸಂಗತಿಗಳಿವೆ. ಮೊದಲನೆಯದು, ಹಿಂದೆ ಮೊದಲ ವರ್ಷವಿಡೀ ಪುಸ್ತಕ ಮತ್ತು ಶವಚ್ಛೇದನದಲ್ಲೇ ಕಳೆಯುತ್ತಿದ್ದ ವಿದ್ಯಾರ್ಥಿ ಈಗ ಮೊದಲ ವರ್ಷದಲ್ಲೇ ಆಸ್ಪತ್ರೆಯನ್ನೂ ರೋಗಿಯನ್ನೂ ನೋಡುತ್ತಾನೆ. ಚಿಕಿತ್ಸೆ ಕೊಡಲು ಅಲ್ಲ. ತಾನು ಓದುತ್ತಿರುವ ಹೃದಯ, ಶ್ವಾಸಕೋಶಗಳು ಯಾರ ಎದೆಯಲ್ಲಿವೆ ಎಂದು ತಿಳಿಯಲು. ಎರಡನೆಯದು, ರೋಗಿಯನ್ನು ಮುಟ್ಟುವ ಮೊದಲು ಕೈ ಪಳಗಿಸಲು ಕಾಲೇಜುಗಳಲ್ಲಿ ಕೌಶಲ ಪ್ರಯೋಗಾಲಯಗಳು ಇರಬೇಕು.

ಚನ್ನಪಟ್ಟಣದವರಿಗೆ ನಗು ಬರಬಹುದು: ಈ ಪ್ರಯೋಗಾಲಯದಲ್ಲಿ ತುಂಬಿರುವುದು ಬೊಂಬೆಗಳೇ! ರಬ್ಬರಿನ ತೋಳು, ಅದರೊಳಗೆ ಕೆಂಪು ನೀರು ಹರಿಯುವ ಕೊಳವೆ. ಎದೆ ಒತ್ತಿ ಹೃದಯ ನಡೆಸುವುದನ್ನು ಕಲಿಯಲು ಅರ್ಧ ಮನುಷ್ಯನ ಆಕಾರ. ಹೆರಿಗೆ ಕಲಿಯಲು ಸೊಂಟದ ಮಾದರಿ ಮತ್ತು ಅದರೊಳಗಿಂದ ಬರುವ ಕೂಸು. ಹೊಲಿಗೆ ಕಲಿಯಲು ಸ್ಪಂಜು, ರಬ್ಬರ್ ಹಾಳೆ. ಇಲ್ಲಿ ನೂರು ಸಲ ತಪ್ಪಿದರೂ ಯಾರಿಗೂ ನೋವಿಲ್ಲ. ಆಮೇಲೆ ಒಬ್ಬರ ಮೇಲೊಬ್ಬರು: ರಕ್ತದೊತ್ತಡ ನೋಡುವುದು, ನಾಡಿ ಎಣಿಸುವುದು, ಎದೆಯ ಸದ್ದು ಕೇಳುವುದು ಗೆಳೆಯರ ಮೇಲೇ. ಮೂರನೆಯ ಹಂತದಲ್ಲಿ ಮಾತ್ರ ರೋಗಿ, ಅದೂ ಹಿರಿಯರು ಪಕ್ಕದಲ್ಲಿ ನಿಂತಾಗ. ಯಾವ ಕೌಶಲವನ್ನು ಮಾಡಿದೆ, ಯಾರ ಮುಂದೆ ಮಾಡಿದೆ ಎಂಬುದನ್ನು ದಿನಚರಿ ಪುಸ್ತಕದಲ್ಲಿ ಬರೆದು ಅಧ್ಯಾಪಕರ ಸಹಿ ಪಡೆಯಬೇಕು.

ಬೊಂಬೆ ಎಲ್ಲವನ್ನೂ ಕಲಿಸುವುದಿಲ್ಲ. ಅದು ಕೈ ಎಳೆದುಕೊಳ್ಳುವುದಿಲ್ಲ, "ಅಯ್ಯಪ್ಪಾ" ಎನ್ನುವುದಿಲ್ಲ, ಅದರ ಚರ್ಮ ವಯಸ್ಸಾಗಿ ಸುಕ್ಕುಗಟ್ಟುವುದಿಲ್ಲ. ಕೊನೆಯ ಪಾಠ ಯಾವಾಗಲೂ ಮನುಷ್ಯನಿಂದಲೇ.

ವಿಯೆನ್ನಾದ ಎರಡು ಹೆರಿಗೆ ವಾರ್ಡುಗಳು

ಕಲಿಯುವವರ ಕೈಯಿಂದ ಅಪಾಯ ಆದದ್ದೇ ಇಲ್ಲವೇ? ಆಗಿದೆ. ವೈದ್ಯಚರಿತ್ರೆಯ ಅತ್ಯಂತ ದುಃಖದ ಪಾಠಗಳಲ್ಲಿ ಒಂದು ಅದು.

1840ರ ದಶಕದಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲ ವಿಭಾಗದಲ್ಲಿ ನೂರಕ್ಕೆ 11 ಮಂದಿ ಬಾಣಂತಿಯರು ಸತ್ತರು. ಎರಡನೆಯದರಲ್ಲಿ ನೂರಕ್ಕೆ ಮೂರಕ್ಕಿಂತ ಕಡಿಮೆ. ಊರಿನ ಹೆಂಗಸರಿಗೆ ಇದು ಗೊತ್ತಿತ್ತು. ಮೊದಲ ವಿಭಾಗಕ್ಕೆ ಸೇರಿಸಬೇಡಿ ಎಂದು ಕೈಮುಗಿದು ಬೇಡುತ್ತಿದ್ದರು.

ಇಗ್ನಾಜ್ ಸೆಮ್ಮಲ್‌ವೈಸ್ ಎಂಬ ಯುವ ವೈದ್ಯ ಕಾರಣ ಹುಡುಕತೊಡಗಿದ. 1847ರಲ್ಲಿ ಅವನ ಮಿತ್ರನಾದ ಪ್ರಾಧ್ಯಾಪಕನೊಬ್ಬ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯ ಚಾಕು ತಗುಲಿ, ಬಾಣಂತಿಯರಿಗೆ ಬರುತ್ತಿದ್ದಂಥದೇ ನಂಜಿನಿಂದ ಸತ್ತ. ಸೆಮ್ಮಲ್‌ವೈಸ್‌ಗೆ ಹೊಳೆಯಿತು: ವಿದ್ಯಾರ್ಥಿಗಳು ಬೆಳಿಗ್ಗೆ ಶವಗಳನ್ನು ಕುಯ್ದ ಕೈಯಲ್ಲೇ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಅದೇ ವರ್ಷ ಮೇ ತಿಂಗಳಿನಿಂದ ಅವನು ಎಲ್ಲರೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ವಿಧಿಸಿದ. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಗಮನಿಸಿ: ವಿದ್ಯಾರ್ಥಿಗಳನ್ನು ಹೊರಗೆ ಹಾಕಿದ್ದರಿಂದ ಸಾವು ತಗ್ಗಲಿಲ್ಲ. ಅದೇ ವಿದ್ಯಾರ್ಥಿಗಳು ಕೈ ತೊಳೆದಿದ್ದರಿಂದ ತಗ್ಗಿತು. ಕೊಂದದ್ದು ಅನನುಭವವಲ್ಲ, ತೊಳೆಯದ ಕೈ. ಆದ್ದರಿಂದ ನಿಮ್ಮ ಮಂಚದ ಬಳಿಗೆ ಬಂದವರು ಹೌಸ್ ಸರ್ಜನ್ ಆಗಲಿ, ಪ್ರೊಫೆಸರ್ ಆಗಲಿ, "ಕೈ ತೊಳೆದಿರಾ ಡಾಕ್ಟ್ರೇ?" ಎಂದು ಕೇಳಲು ಹಿಂಜರಿಯಬೇಡಿ.

ಸೂಜಿ ಏಕೆ ತಪ್ಪುತ್ತದೆ?

ರೋಗಿಗೆ ಮೊದಲು ಎದುರಾಗುವುದೂ ಹೊಸ ವೈದ್ಯನಿಗೆ ಮೊದಲು ಎದುರಾಗುವುದೂ ಒಂದೇ: ಸೂಜಿ. ತೋಳಿಗೆ ಪಟ್ಟಿ ಬಿಗಿದಾಗ ರಕ್ತ ಹಿಂತಿರುಗಲಾರದೆ ನಾಳ ಉಬ್ಬುತ್ತದೆ. ಉಬ್ಬಿದ ನಾಳವನ್ನು ಕಣ್ಣಿಗಿಂತ ಬೆರಳು ಚೆನ್ನಾಗಿ ಗುರುತಿಸುತ್ತದೆ. ವಾಂತಿ ಭೇದಿಯಿಂದ ನೀರು ಬತ್ತಿದವರಲ್ಲಿ, ಚಳಿಯಿಂದ ಕೈ ತಣ್ಣಗಾದವರಲ್ಲಿ, ದಪ್ಪ ಮೈಯವರಲ್ಲಿ, ಎಳೆ ಮಕ್ಕಳಲ್ಲಿ ನಾಳ ಸಿಗುವುದು ಕಷ್ಟ. ಮುದುಕರಲ್ಲಿ ನಾಳ ಎದ್ದು ಕಾಣುತ್ತದೆ, ಆದರೆ ಸುತ್ತಲಿನ ಮಾಂಸ ಸಡಿಲವಾಗಿರುವುದರಿಂದ ಸೂಜಿ ತಗುಲಿದೊಡನೆ ಪಕ್ಕಕ್ಕೆ ಜಾರುತ್ತದೆ. ಹೀಗೆ ಒಂದು ಸಲ ತಪ್ಪುವುದು ನುರಿತವರಿಗೂ ಆಗುವಂಥದು.

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ಹೌಸ್ ಸರ್ಜನ್ ಆಗಿ ನನ್ನ ಮೊದಲ ವಾರ. ಆಸ್ಪತ್ರೆಯ ಹೆಸರು ಬೇಡ. ನಡುರಾತ್ರಿ ದಾಟಿತ್ತು. ವಾಂತಿ ಭೇದಿಯಿಂದ ಸುಸ್ತಾದ ಒಬ್ಬ ಹಿರಿಯರು ಬಂದರು. ಚನ್ನಪಟ್ಟಣದವರು, ಬೊಂಬೆ ಕಡೆಯುವವರು. ಗ್ಲೂಕೋಸ್ ಏರಿಸಬೇಕಿತ್ತು. ಮೊದಲ ಸಲ ನಾಳ ಜಾರಿತು. ಎರಡನೇ ಸಲ ನಾಳ ಒಡೆದು ಚರ್ಮದ ಕೆಳಗೆ ಉಬ್ಬಿತು. ಸ್ನಾತಕೋತ್ತರ ವೈದ್ಯರು ಪಕ್ಕದ ವಾರ್ಡಿನಲ್ಲೇ ಇದ್ದರು. ಕರೆಯಲು ನಾಚಿಕೆ. ಮೊದಲ ವಾರದಲ್ಲೇ "ಇವನಿಗೆ ಏನೂ ಬರುವುದಿಲ್ಲ" ಎನಿಸಿಕೊಳ್ಳುವ ಭಯ. ಮೂರನೇ ಸಲ ಚುಚ್ಚಿದೆ. ನಾಲ್ಕನೇ ಸಲಕ್ಕೆ ಸೂಜಿ ಎತ್ತಿದೆ.

ಆ ಹಿರಿಯರು ಕೈ ಎಳೆದುಕೊಳ್ಳಲಿಲ್ಲ. ಬೈಯಲೂ ಇಲ್ಲ. ನಿಧಾನವಾಗಿ ಹೇಳಿದರು: "ಡಾಕ್ಟ್ರೇ, ಲೇತಿನ ಮೇಲೆ ಮರ ಅದುರಿದ್ರೆ ಉಳಿ ಒತ್ತಬಾರ್ದು, ಎತ್ತಬೇಕು. ಎತ್ತಿ ಉಸ್ತಾದ್ರನ್ನ ಕರೀಬೇಕು. ನಾನು ಹುಡುಗನಾಗಿದ್ದಾಗ ಹಂಗೇ ಕಲ್ತಿದ್ದು. ನಿಮ್ಮ ಉಸ್ತಾದ್ರು ಎಲ್ಲವ್ರೆ?"

ನಾನು ಹೋಗಿ ಕರೆತಂದೆ. ಅವರು ಬಂದು, ತೋಳನ್ನು ಮಂಚದಿಂದ ಕೆಳಕ್ಕೆ ಇಳಿಬಿಟ್ಟು, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ ಎರಡು ನಿಮಿಷ ಕಾದರು. ಮುಂಗೈಯ ಮೇಲೆ ನಾಳವೊಂದು ಮೆಲ್ಲಗೆ ತುಂಬಿಕೊಂಡಿತು. ಸೂಜಿ ಸಲೀಸಾಗಿ ಹೋಯಿತು. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಒಂದೇ ಮಾತು: "ನಾಳ ಸಿಗದೇ ಇದ್ದದ್ದು ತಪ್ಪಲ್ಲ. ಕರೆಯದೇ ಇದ್ದದ್ದು ತಪ್ಪು."

ಆ ರಾತ್ರಿ ನಾನು ಇಬ್ಬರು ಗುರುಗಳಿಂದ ಒಂದೇ ಪಾಠ ಕಲಿತೆ. ಹೊಸಬರಿಂದ ರೋಗಿಗೆ ಆಗುವ ತೊಂದರೆಯಲ್ಲಿ ಬಹುಪಾಲು ಬರುವುದು ಗೊತ್ತಿಲ್ಲದ್ದರಿಂದಲ್ಲ, ಗೊತ್ತಿಲ್ಲವೆಂದು ಹೇಳಿಕೊಳ್ಳದ್ದರಿಂದ. ಎರಡು ಸಲ ತಪ್ಪಿದರೆ ಸೂಜಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ಈಗ ಎಲ್ಲೆಡೆ ಒಪ್ಪಿದ ಒಳ್ಳೆಯ ರೂಢಿ. ಅದನ್ನು ನೀವೂ ನೆನಪಿಸಬಹುದು. ಆದರೆ ಹೇಗೆ ನೆನಪಿಸುತ್ತೀರಿ ಎಂಬುದು ಮುಖ್ಯ. "ನಿಮಗೆ ಬರಲ್ಲ, ಬಿಡಿ" ಎಂದು ಗದರಿದರೆ ಹುಡುಗ ಇನ್ನಷ್ಟು ನಡುಗುತ್ತಾನೆ, ಮುಂದಿನ ರೋಗಿಯ ಹತ್ತಿರ ತಪ್ಪನ್ನು ಮುಚ್ಚಿಡುತ್ತಾನೆ. "ಪರವಾಗಿಲ್ಲಪ್ಪ, ನಿಮ್ಮ ಮೇಲಿನವರನ್ನು ಒಂದು ಸಲ ಕರೆಯಿರಿ" ಎಂದರೆ ಅವನಿಗೆ ಕರೆಯಲು ದಾರಿಯಾಗುತ್ತದೆ.

ರಕ್ತ ತೆಗೆಯುವಾಗ ಗಮನಿಸಬೇಕಾದದ್ದು ಇನ್ನೂ ಕೆಲವಿವೆ. ಸೂಜಿಯ ಹೊಸ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು. ಹಚ್ಚಿದ ಸ್ಪಿರಿಟ್ ಒಣಗಬೇಕು. ಒಣಗುವ ಮೊದಲೇ ಚುಚ್ಚಿದರೆ ಉರಿಯುತ್ತದೆ, ಕ್ರಿಮಿಗಳೂ ಪೂರ್ತಿ ಸಾಯುವುದಿಲ್ಲ. ರಕ್ತ ತೆಗೆದ ಮೇಲೆ ಮೊಣಕೈ ಮಡಿಸಿಟ್ಟುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಅದರ ಬದಲು ಕೈ ನೀಟಾಗಿ ಚಾಚಿ ಹತ್ತಿಯನ್ನು ಎರಡು ಮೂರು ನಿಮಿಷ ಒತ್ತಿ ಹಿಡಿದರೆ ನೀಲಿಗಟ್ಟುವುದು ಕಡಿಮೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹೆಚ್ಚು ಹೊತ್ತು ಒತ್ತಬೇಕು, ಮತ್ತು ಆ ವಿಷಯವನ್ನು ಮೊದಲೇ ಹೇಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಸೂಜಿಯಲ್ಲ, ಚೀಟಿ. ರಕ್ತದ ಸೀಸೆಯ ಮೇಲೆ ರೋಗಿಯ ಹೆಸರು, ಆಸ್ಪತ್ರೆಯ ನಂಬರು ಮಂಚದ ಪಕ್ಕದಲ್ಲೇ ಬರೆಯಬೇಕು. ಹತ್ತು ಜನರ ರಕ್ತ ತೆಗೆದು, ಆಮೇಲೆ ಮೇಜಿನ ಮೇಲೆ ಕೂತು ಹೆಸರು ಬರೆದರೆ ಅದಲು ಬದಲಾಗುವ ಅಪಾಯವಿದೆ. ರಕ್ತ ಕೊಡಿಸಬೇಕಾದ ರೋಗಿಯಲ್ಲಂತೂ ಹೀಗೆ ಅದಲು ಬದಲಾಗಿ ಗುಂಪು ತಪ್ಪಿದರೆ ಪ್ರಾಣಕ್ಕೇ ಸಂಚಕಾರ. "ಹೆಸರು ಬರೆದಿರಾ? ಒಂದು ಸಲ ತೋರಿಸಿ" ಎಂದು ಕೇಳಿ. ನಿಮ್ಮ ಹೆಸರಿನವರೇ ಇನ್ನೊಬ್ಬರು ಅದೇ ವಾರ್ಡಿನಲ್ಲಿ ಇರುವುದು ನಮ್ಮೂರುಗಳಲ್ಲಿ ಅಪರೂಪವಲ್ಲ.

ನಿಮ್ಮ ಒಪ್ಪಿಗೆ, ನಿಮ್ಮ ಮಾನ

ಕಲಿಕೆಗೆ ಸಹಕರಿಸುವುದು ದೊಡ್ಡ ಗುಣ. ಆದರೆ ಅದು ನೀವು ಕೊಡುವ ದಾನ. ಯಾರೂ ಕಸಿದುಕೊಳ್ಳುವ ವಸ್ತುವಲ್ಲ. ಉಚಿತ ಚಿಕಿತ್ಸೆ ಪಡೆಯುತ್ತಿದ್ದೀರಿ ಎಂಬ ಕಾರಣಕ್ಕೆ ನಿಮ್ಮ ಮೈ ಎಲ್ಲರ ಪಾಠದ ಹಲಗೆಯಾಗುವುದಿಲ್ಲ.

ವಿದ್ಯಾರ್ಥಿಗಳು ಪರೀಕ್ಷಿಸಬಹುದೇ ಎಂದು ಮೊದಲು ಕೇಳಬೇಕು. ಸುಸ್ತಾಗಿದೆ, ನೋವಿದೆ, ಮನಸ್ಸಿಲ್ಲ ಎಂದು ನೀವು ಬೇಡವೆನ್ನಬಹುದು. ಬೇಡವೆಂದ ಮಾತ್ರಕ್ಕೆ ನಿಮ್ಮ ಚಿಕಿತ್ಸೆಗೆ ಕೊರತೆ ಬರಬಾರದು. ಹೆಂಗಸರನ್ನು ಪುರುಷ ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಯಲ್ಲಿರಬೇಕು, ಪರದೆ ಎಳೆದಿರಬೇಕು. ಸ್ಟೆತಾಸ್ಕೋಪು ಹುಟ್ಟಿದ್ದೇ ಇಂಥ ಸಂಕೋಚದಿಂದ ಎಂಬುದು ನಿಮಗೆ ಗೊತ್ತೇ? 1816ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯ ಯುವತಿಯ ಎದೆಗೆ ಕಿವಿಯಿಟ್ಟು ಕೇಳುವುದು ಸರಿಯಲ್ಲವೆಂದು ಕಾಗದದ ಸುರುಳಿ ಮಾಡಿ ಅದರ ಮೂಲಕ ಕೇಳಿದ. ರೋಗಿಯ ಮಾನ ಕಾಯಲು ಹೊರಟವನಿಗೆ ಹೃದಯದ ಸದ್ದು ಇನ್ನೂ ಸ್ಪಷ್ಟವಾಗಿ ಕೇಳಿಸಿತು.

ಶಸ್ತ್ರಚಿಕಿತ್ಸೆಗೆ ಸಹಿ ಹಾಕುವಾಗ ಏನು ಮಾಡುತ್ತಾರೆ, ಯಾರು ಮಾಡುತ್ತಾರೆ, ಅಪಾಯಗಳೇನು, ಬೇರೆ ದಾರಿ ಇದೆಯೇ ಎಂದು ಕೇಳಿ ತಿಳಿಯಿರಿ. ಒಂದು ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಇನ್ನೊಂದು ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ಪ್ರಾಣ ಉಳಿಸಬೇಕಾದ ತುರ್ತಿನಲ್ಲಿ ಮಾತ್ರ ವೈದ್ಯರು ಒಪ್ಪಿಗೆಗೆ ಕಾಯುವಂತಿಲ್ಲ. ಅಂಥ ಸಮಯದಲ್ಲಿ "ದೊಡ್ಡ ಡಾಕ್ಟರೇ ಬರಲಿ" ಎಂದು ಹಟ ಹಿಡಿಯಬೇಡಿ. ಹತ್ತಿರದಲ್ಲಿರುವ ಹೌಸ್ ಸರ್ಜನ್ ಎದೆ ಒತ್ತಲು ಆರಂಭಿಸುವುದೇ ಪ್ರಾಣ ಉಳಿಸಬಹುದು.

ಇನ್ನೊಂದು ಮಾತು. ವಿದ್ಯಾರ್ಥಿಗಳಿಂದ ರೋಗಿಗೆ ಲಾಭವೂ ಇದೆ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಹಿರಿಯ ವೈದ್ಯರಿಗೆ ನಿಮಗಾಗಿ ಸಿಗುವುದು ಕೆಲವೇ ನಿಮಿಷ. ವಿದ್ಯಾರ್ಥಿ ಅರ್ಧ ಗಂಟೆ ಕೂತು ನಿಮ್ಮ ಕಥೆ ಕೇಳುತ್ತಾನೆ. ಯಾವ ಮಾತ್ರೆಗೆ ಹಿಂದೆ ಮೈಯೆಲ್ಲ ದದ್ದು ಎದ್ದಿತ್ತು, ಹೊಲಕ್ಕೆ ಯಾವ ಔಷಧಿ ಹೊಡೆದಿರಿ, ನಾಟಿವೈದ್ಯರ ಹತ್ತಿರ ಏನು ತಂದಿರಿ - ಇಂಥ ಮುಖ್ಯ ವಿಷಯಗಳು ಎಷ್ಟೋ ಸಲ ಹೊರಬರುವುದು ಆ ಅರ್ಧ ಗಂಟೆಯಲ್ಲೇ. ಬೇಸರಪಡದೆ, ಮುಚ್ಚಿಡದೆ ಹೇಳಿ.

ನಿಮ್ಮ ಮನೆಯ ಮಕ್ಕಳು ಕಲಿಯಲು ಹೊರಟಾಗ

ಇಂದು ನಮ್ಮ ಊರುಗಳ ಎಷ್ಟೋ ಮನೆಗಳಿಂದ ಮಕ್ಕಳು ವೈದ್ಯಕೀಯಕ್ಕೆ, ಅದಕ್ಕಿಂತ ಹೆಚ್ಚಾಗಿ ನರ್ಸಿಂಗಿಗೆ, ಪ್ರಯೋಗಾಲಯದ ಕೋರ್ಸುಗಳಿಗೆ ಹೋಗುತ್ತಿದ್ದಾರೆ. ಅವರ ತಂದೆತಾಯಿಗಳೂ ಕೆಲವು ವಿಷಯ ತಿಳಿದಿರಬೇಕು.

ವಾರ್ಡಿಗೆ ಹೋಗುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಪೂರ್ತಿಯಾಗಿರಬೇಕು. ಮೊದಲ ಡೋಸು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋದಾಗಲೇ ಹೊಸಬರ ಬೆರಳಿಗೆ ಸೂಜಿ ಚುಚ್ಚುವುದು ಹೆಚ್ಚು. ಮುಚ್ಚಳ ಹಾಕದೆ ನೇರವಾಗಿ ಗಟ್ಟಿ ಡಬ್ಬಿಗೆ ಹಾಕಬೇಕು. ಚುಚ್ಚಿದರೆ ಹಿಂಡಬಾರದು, ಬಾಯಲ್ಲಿ ಚೀಪಬಾರದು. ಸೋಪು ನೀರಿನಲ್ಲಿ ತೊಳೆದು ಕೂಡಲೇ ಮೇಲಿನವರಿಗೆ ತಿಳಿಸಬೇಕು. ಎಚ್.ಐ.ವಿ. ಸೋಂಕಿರುವವರ ರಕ್ತವಿದ್ದ ಸೂಜಿ ಚುಚ್ಚಿದರೂ ಸೋಂಕು ತಗಲುವ ಸಂಭವ ಸಾವಿರಕ್ಕೆ ಮೂರರಷ್ಟು. ತಡೆಯುವ ಮಾತ್ರೆಗಳನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಬೈಯುತ್ತಾರೆಂದು ಹೆದರಿ ಮುಚ್ಚಿಟ್ಟವರಿಗೆ ಈ ಗಂಟೆಗಳು ಕೈ ತಪ್ಪಿ ಹೋಗುತ್ತವೆ.

ಮೊದಲ ಸಲ ಆಪರೇಷನ್ ಥಿಯೇಟರಿನಲ್ಲಿ ನಿಂತ ಮಗಳು ತಲೆ ಸುತ್ತಿ ಬಿದ್ದಳೆಂದು ಫೋನು ಬಂದರೆ ಗಾಬರಿಯಾಗಬೇಡಿ. "ಇವಳಿಗೆ ಈ ಕೆಲಸ ಆಗುವುದಿಲ್ಲ" ಎಂದು ತೀರ್ಮಾನಿಸಲೂಬೇಡಿ. ರಕ್ತ ಕಂಡಾಗ ಕೆಲವರಲ್ಲಿ ನಾಡಿ ನಿಧಾನವಾಗಿ, ರಕ್ತದೊತ್ತಡ ಇಳಿದು, ಮಿದುಳಿಗೆ ಕ್ಷಣಕಾಲ ರಕ್ತ ಕಡಿಮೆಯಾಗುತ್ತದೆ. ಮಲಗಿಸಿದರೆ ಸರಿಹೋಗುತ್ತದೆ. ಬೆಳಿಗ್ಗೆ ತಿಂಡಿ ತಿಂದು ಹೋಗುವುದು, ನಿಂತಲ್ಲೇ ಕಾಲಿನ ಮಾಂಸಖಂಡ ಬಿಗಿಮಾಡುತ್ತಿರುವುದು, ಬೆವರು ಬಂದು ಕಣ್ಣು ಮಂಜಾದ ಕೂಡಲೇ ಹೇಳಿ ಕುಳಿತುಬಿಡುವುದು - ಇವು ಸುಲಭದ ಉಪಾಯಗಳು.

ಅದಕ್ಕಿಂತ ಕಷ್ಟದ್ದು, ತಾನು ಉಪಚರಿಸಿದ ರೋಗಿ ಮೊದಲ ಬಾರಿಗೆ ಕಣ್ಣೆದುರು ತೀರಿಕೊಳ್ಳುವುದು. ಆ ದಿನ ಮಗ ಮನೆಗೆ ಬಂದು ಊಟ ಬೇಡವೆನ್ನಬಹುದು, ಸುಮ್ಮನೆ ಕೂರಬಹುದು. "ಡಾಕ್ಟ್ರಾಗೋನು ಗಟ್ಟಿಯಾಗಿರಬೇಕಪ್ಪ" ಎಂದು ಉಪದೇಶ ಮಾಡಬೇಡಿ. ಏನಾಯಿತೆಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆಂಬ ಮಾತು ಬಂದರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿ. ತಾನು ದಣಿದಿದ್ದೇನೆ ಎಂದು ಮನೆಯಲ್ಲಿ ಹೇಳಲು ಕಲಿತವನು ವಾರ್ಡಿನಲ್ಲೂ "ನನಗೆ ತಿಳಿಯುತ್ತಿಲ್ಲ, ಬನ್ನಿ ಸಾರ್" ಎಂದು ಹೇಳಬಲ್ಲ.

ನೆನಪಿಡಿ

* ಮಂಚದ ಬಳಿ ಬಂದವರ ಹೆಸರು, ಅವರ ಮೇಲಿನ ವೈದ್ಯರ ಹೆಸರು ಕೇಳಿ ತಿಳಿಯಿರಿ.
* ಯಾರೇ ಮುಟ್ಟುವ ಮೊದಲು ಕೈ ತೊಳೆದಿರಬೇಕು.
* ಎರಡು ಸಲ ಸೂಜಿ ತಪ್ಪಿದರೆ ಹಿರಿಯರನ್ನು ಕರೆಯಲು ಸಮಾಧಾನದಿಂದ ಹೇಳಿ.
* ರಕ್ತದ ಸೀಸೆಯ ಮೇಲೆ ಹೆಸರು ನಿಮ್ಮೆದುರೇ ಬರೆಯಲಿ.
* ಗ್ಲೂಕೋಸ್ ಏರಿಸಿದ ಜಾಗ ಊದಿದರೆ, ಕೆಂಪಾದರೆ, ಉರಿದರೆ ಕೂಡಲೇ ತಿಳಿಸಿ.
* ಪಾಠಕ್ಕಾಗಿ ಪರೀಕ್ಷಿಸಲು ಒಪ್ಪುವುದೂ ಬೇಡವೆನ್ನುವುದೂ ನಿಮ್ಮ ಹಕ್ಕು.
* ಔಷಧದ ಅಲರ್ಜಿ, ಹಳೆಯ ಕಾಯಿಲೆ, ಈಗ ನುಂಗುತ್ತಿರುವ ಮಾತ್ರೆ - ಕೇಳಿದ ಪ್ರತಿಯೊಬ್ಬರಿಗೂ ಹೇಳಿ. ಹಳೆಯ ಚೀಟಿಗಳನ್ನು ಜೊತೆಗೆ ಒಯ್ಯಿರಿ.

ಈಗ ಮತ್ತೆ ಅಜ್ಜಿಯ ಮಂಚದ ಬಳಿಗೆ ಬರೋಣ. ಹುಡುಗಿ ಇನ್ನೂ ಸೂಜಿ ಹಿಡಿದು ನಿಂತಿದ್ದಾಳೆ. ಮಾವನವರ ಮಾತಿಗೆ ಏನು ಹೇಳುತ್ತೀರಿ? ಆ ಹುಡುಗಿಯ ಹೆಸರು ಕೇಳಿ. ಅವಳ ಮೇಲಿನ ಡಾಕ್ಟರು ಯಾರೆಂದು ಕೇಳಿ. ಕೈ ತೊಳೆದಳೇ ನೋಡಿ. ಉತ್ತರ ಸಮಾಧಾನವಾಗಿದ್ದರೆ ಅಜ್ಜಿಯ ತೋಳನ್ನು ನೀವೇ ಮೆಲ್ಲಗೆ ಹಿಡಿದು ಚಾಚಿ, "ಸರಿಯಾಗಿ ನೋಡಿ ಹಾಕಮ್ಮ, ಸಿಗದಿದ್ದರೆ ದೊಡ್ಡವರನ್ನು ಕರಿ" ಎನ್ನಿ. ಆ ಒಂದು ಮಾತಿನಿಂದ ನಿಮ್ಮ ಅಜ್ಜಿಗೂ ಒಳ್ಳೆಯದು, ನಾಳೆ ಅದೇ ಮಂಚದಲ್ಲಿ ಮಲಗುವ ಇನ್ನೊಬ್ಬರ ಅಜ್ಜಿಗೂ ಒಳ್ಳೆಯದು.